ಕುದಿಯುವ ಎಂಜಿನ್ನಿಗೆ ಐದನೆಯ ಮೇಸ್ತ್ರಿ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಿಗೆ ಬರವಿಲ್ಲ. ಒಬ್ಬರು ಕಷಾಯ ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆ ಎನ್ನುತ್ತಾರೆ, ಮತ್ತೊಬ್ಬರು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದು ಬರುತ್ತಾರೆ. ಕಾರಿಗೆ ಜ್ವರ ಬಂದಾಗಲೂ ಹೀಗೆಯೇ. ರಸ್ತೆ ಬದಿಯಲ್ಲಿ ಬಾನೆಟ್ಟು ತೆರೆದು ಹಬೆಯಾಡುತ್ತ ನಿಂತ ಕಾರಿನ ಸುತ್ತ ಐದು ನಿಮಿಷದಲ್ಲಿ ಐದು ಮಂದಿ ವೈದ್ಯರು ಸೇರುತ್ತಾರೆ. ‘ರೇಡಿಯೇಟರು ಕಟ್ಟಿದೆ’ ಎಂದು ಒಬ್ಬರು, ‘ವಾಟರ್ ಪಂಪು ಹೋಗಿದೆ’ ಎಂದು ಮತ್ತೊಬ್ಬರು, ‘ಹೆಡ್ ಗ್ಯಾಸ್ಕೆಟ್, ಅನುಮಾನವೇ ಬೇಡ’ ಎಂದು ಮೂರನೆಯವರು. ಎಲ್ಲರೂ ಔಷಧಿ ಹೇಳುವವರೇ. ಜ್ವರ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಬಿಡುತ್ತದೆ ಎಂದು ಕೇಳುವವರು ಮಾತ್ರ ಅಪರೂಪ.

ಎಂಜಿನ್ನು ಬಿಸಿಯಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಬಿಸಿಯಾಗದೆ ಉಳಿಯುವುದೇ ಆಶ್ಚರ್ಯ. ಸಿಲಿಂಡರಿನೊಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಅನಿಲದ ಉಷ್ಣತೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲೇ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಆದರೂ ಅದು ಕರಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ನಾವು ದುಡ್ಡು ಕೊಟ್ಟು ತುಂಬಿಸುವ ಪೆಟ್ರೋಲಿನ ಶಾಖದಲ್ಲಿ ಮೂರನೆಯ ಒಂದು ಪಾಲೋ ಅದಕ್ಕೂ ಕಡಿಮೆಯೋ ಗಾಡಿಯನ್ನು ನೂಕುತ್ತದೆ. ಹೆಚ್ಚು ಕಡಿಮೆ ಅಷ್ಟೇ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಇನ್ನೊಂದು ಅಂಥದೇ ಪಾಲನ್ನು ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಸುರಿಯಬೇಕು. ನೀರಿನ ಈ ಕೂಲಿ ಕೆಲಸ ಸ್ವಲ್ಪ ಹೊತ್ತು ನಿಂತರೆ ಸಾಕು, ಉಳಿದದ್ದೆಲ್ಲ ನಿಲ್ಲುತ್ತದೆ.

ಮೋಟಾರು ಕಾರು ಹುಟ್ಟಿದಂದಿನಿಂದಲೂ ಅದಕ್ಕೆ ಈ ಬಾಯಾರಿಕೆ ಇದೆ. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟಿಗಾಗಿ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ. ಎರಡು ವರ್ಷದ ನಂತರ, 1888ರ ಆಗಸ್ಟಿನಲ್ಲಿ, ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಮಿಕ್ಕಿದ ದೂರ, ಅದೇ ಬಗೆಯ ಗಾಡಿ ಓಡಿಸಿದಳು. ಆ ಎಂಜಿನ್ನಿನಲ್ಲಿ ನೀರು ಆವಿಯಾಗಿ ಹೋಗುತ್ತಲೇ ತಂಪು ಕೊಡುತ್ತಿತ್ತು. ಆದ್ದರಿಂದ ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಬೇಕಾಯಿತು. ಅದೇ ನೀರನ್ನು ತಿರುಗಾಡಿಸಿ ಮತ್ತೆ ಮತ್ತೆ ತಣಿಸುವ ಉಪಾಯ ಹದಕ್ಕೆ ಬಂದದ್ದು ಆ ಶತಮಾನ ಮುಗಿಯುವಾಗ. ವಿಲ್‌ಹೆಲ್ಮ್ ಮೇಬಾಕ್ ಸಾವಿರಾರು ಸಣ್ಣ ಕೊಳವೆಗಳನ್ನು ಜೇನುಹುಟ್ಟಿನಂತೆ ಜೋಡಿಸಿ, ಆಗಿನ ಮರ್ಸಿಡಿಸ್ ಗಾಡಿಯ ಮುಂಭಾಗಕ್ಕೆ ರೇಡಿಯೇಟರನ್ನು ಕೂರಿಸಿದ.

ಇಂದಿಗೂ ವ್ಯವಸ್ಥೆ ಅದೇ. ಎಂಜಿನ್ನಿನ ಗೋಡೆಯೊಳಗಿನ ಪೊಳ್ಳಿನಲ್ಲಿ ನೀರು ಸುತ್ತಿ ಕಾಯುತ್ತದೆ. ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಕೊಳವೆಗಳಲ್ಲಿ ಇಳಿಯುತ್ತ ತಣಿದು, ಕೆಳಗಿನ ಹೋಸ್ ಪೈಪಿನಿಂದ ಪಂಪಿಗೆ ಮರಳುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲು ಕಾಯುವವನಿದ್ದಾನೆ. ಅವನ ಹೊಟ್ಟೆಯಲ್ಲಿ ಮೇಣ. ನೀರು ಎಂಬತ್ತು ಡಿಗ್ರಿ ದಾಟಿದ ಮೇಲೆ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಎಲ್ಲಕ್ಕೂ ಮೇಲೆ ರೇಡಿಯೇಟರಿನ ಮುಚ್ಚಳ. ನೋಡಲು ಡಬ್ಬಿಯ ಮುಚ್ಚಳ, ಮಾಡುವುದು ಪ್ರೆಶರ್ ಕುಕ್ಕರಿನ ಕೆಲಸ. ಚದರಂಗುಲಕ್ಕೆ 7 ಪೌಂಡು ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಒಳಗಿನ ನೀರು 110 ಡಿಗ್ರಿಯ ಆಸುಪಾಸಿನವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಸತ್ತರೆ ನೂರಕ್ಕೇ ಕುದಿ. ಘಟ್ಟದ ಮೇಲೆ ನೂರೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 300 ಮೀಟರು ಏರಿದಂತೆಲ್ಲ ನೀರಿನ ಕುದಿಬಿಂದು ಒಂದೊಂದು ಡಿಗ್ರಿ ಇಳಿಯುತ್ತ ಹೋಗುತ್ತದೆ.

ಇಷ್ಟೂ ಭಾಗಗಳು ಒಂದಕ್ಕೊಂದು ಕೈಕಟ್ಟಿಕೊಂಡಿರುವುದರಿಂದ ಯಾವುದೊಂದು ಕೆಟ್ಟರೂ ಹೊರಗೆ ಕಾಣುವುದು ಒಂದೇ, ಬಿಸಿ. ಇಲ್ಲೇ ರಿಪೇರಿಯವರು ದಾರಿ ತಪ್ಪುವುದು.

ಅರಸೀಕೆರೆ ಕಡೆಯ ಒಂದು ಅಂಬಾಸಿಡರಿನ ಕಥೆ ಕೇಳಿದರೆ ಇದು ಅರ್ಥವಾದೀತು. ಉತ್ತರಪಾರಾದ ಕಾರ್ಖಾನೆಯಿಂದ 2014ರವರೆಗೂ ಹೊರಬರುತ್ತಿದ್ದ ಆ ಗುಂಡು ಬೆನ್ನಿನ ಕಾರು 1990ರ ದಶಕದಲ್ಲಿ ಎಷ್ಟೋ ಸಂಸಾರಗಳಿಗೆ ಅನ್ನ ಹಾಕುತ್ತಿತ್ತು. ಈ ಗಾಡಿಯ ಯಜಮಾನ ಕೊಂಡದ್ದು ಹಳೆಯ ಗಾಡಿ, 1489 ಸಿಸಿಯ ಪೆಟ್ರೋಲ್ ಎಂಜಿನ್ನು. ತಾನೇ ಡ್ರೈವರು, ತಾನೇ ಕ್ಲೀನರು. ಸೋಮವಾರದ ಪೂಜೆಗೆ ಧರ್ಮಸ್ಥಳಕ್ಕೆ ಹೊರಡುವ ಸಂಸಾರಗಳೇ ಅವನ ಗಿರಾಕಿಗಳು. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟ ಇಳಿದರೆ ಉಜಿರೆ. ಹೋಗುವಾಗ ಇಳಿಜಾರು, ತೊಂದರೆ ಇಲ್ಲ. 1997ರ ಬೇಸಿಗೆಯಿಂದ ತೊಂದರೆ ಶುರುವಾದದ್ದು ಮರಳಿ ಬರುವಾಗ. ಘಟ್ಟದ ನಡುವೆ ಮುಳ್ಳು ಕೆಂಪಿಗೆ ಏರುವುದು, ಹಬೆ ಏಳುವುದು, ಮಕ್ಕಳು ಮುದುಕರು ತಿರುವಿನಲ್ಲಿ ಇಳಿದು ನಿಲ್ಲುವುದು, ಯಜಮಾನ ಕೊಡಪಾನ ಹಿಡಿದು ಝರಿ ಹುಡುಕುವುದು.

ಮೊದಲನೆಯ ಗ್ಯಾರೇಜಿನವನು ರೇಡಿಯೇಟರು ಬಿಚ್ಚಿದ. ಕೊಳವೆಗಳಲ್ಲಿ ಕಂಬಿ ಆಡಿಸಿ ಕಿಟ್ಟ ಕೆರೆದ. ಅವನ ಊಹೆ ತೀರ ಸುಳ್ಳಲ್ಲ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರು ಕಾದರೆ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ಅಂಟಿಕೊಳ್ಳುತ್ತದೆ. ಬಚ್ಚಲ ಹಂಡೆಯ ಒಳಮೈಯಲ್ಲಿ ಬೆಳ್ಳಗೆ ಕಟ್ಟುವುದೂ ಅದೇ. ಎರಡನೆಯವನು ಥರ್ಮೋಸ್ಟಾಟನ್ನೇ ಕಿತ್ತೆಸೆದು, ‘ನಮ್ಮ ಸೀಮೆಗೆ ಇದು ಬೇಡವೇ ಬೇಡ’ ಎಂದ. ಬಯಲಿನಲ್ಲಿ ಎಂಜಿನ್ನು ಕಾಯುವುದೇ ತಡವಾಗಿ ಪೆಟ್ರೋಲಿನ ಖರ್ಚು ಏರಿತು. ಘಟ್ಟದಲ್ಲಿ ಕುದಿಯುವುದು ನಿಲ್ಲಲಿಲ್ಲ. ಮೂರನೆಯವನು ವಾಟರ್ ಪಂಪು ಬದಲಿಸಿದ. ನಾಲ್ಕನೆಯವನು ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದ. ಈ ಕೊನೆಯ ಬಿಲ್ಲಿಗೆ ಮನೆಯಾಕೆಯ ಎರಡು ಬಳೆ ಬ್ಯಾಂಕಿನ ಅಡವಿಗೆ ಹೋದವು.

ನಾಲ್ವರೂ ಕೆಲಸ ಮುಗಿಸಿ ಗಾಡಿಯನ್ನು ಓಡಿಸಿಯೇ ನೋಡಿದ್ದರು. ಆದರೆ ನೋಡಿದ್ದು ಊರ ಸುತ್ತ, ಸಮತಟ್ಟಿನಲ್ಲಿ, ಹತ್ತು ನಿಮಿಷ. ಅಲ್ಲಿ ಗಾಡಿ ಮೊದಲೂ ಬಿಸಿಯಾಗುತ್ತಿರಲಿಲ್ಲ. ಕಾಯಿಲೆ ಇಲ್ಲದ ಕಡೆ ಪರೀಕ್ಷೆ ಮಾಡಿ ವಾಸಿಯಾಯಿತೆಂದು ಬಿಲ್ಲು ಬರೆದರು. ಬಳೆ ಅಡವಿಟ್ಟ ಮುಂದಿನ ಸೋಮವಾರವೇ, ಅದೇ ಘಟ್ಟದಲ್ಲಿ, ಅದೇ ಏರಿನಲ್ಲಿ ಮುಳ್ಳು ಮತ್ತೆ ಎದ್ದು ಕುಳಿತಿತು.

ಆವೊತ್ತು ಹೇಗೋ ಘಟ್ಟ ಹತ್ತಿಸಿ, ಪ್ರಯಾಣಿಕರನ್ನು ಕೊಟ್ಟಿಗೆಹಾರದ ನೀರುದೋಸೆಗೆ ಇಳಿಸಿ, ಯಜಮಾನ ಅಲ್ಲಿಂದ ಮುಂದಿನ ಒಂದು ಸಣ್ಣ ಗ್ಯಾರೇಜಿಗೆ ಗಾಡಿ ತಂದ. ಅಲ್ಲಿನ ವಯಸ್ಸಾದ ಮೇಸ್ತ್ರಿ ಸ್ಪ್ಯಾನರು ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತರು.

‘ಯಾವಾಗ ಕುದಿಯುತ್ತೆ? ನಿಂತಾಗಲೋ, ಓಡುವಾಗಲೋ?’

‘ಊರೊಳಗೆ ಎಷ್ಟೊತ್ತು ನಿಂತಿದ್ರೂ ಏನೂ ಇಲ್ಲ ಮೇಸ್ತ್ರಿ. ಘಟ್ಟ ಹತ್ತುವಾಗ ಮಾತ್ರ.’

‘ನೀರು ಎಷ್ಟು ಹಾಕ್ತೀಯಪ್ಪ? ಘಟ್ಟ ಇಲ್ಲದ ದಿನವೂ ಕಮ್ಮಿ ಆಗುತ್ತಾ?’

‘ಇಲ್ಲ. ಕುದ್ದ ದಿನ ಮಾತ್ರ.’

‘ಇಷ್ಟು ರಿಪೇರಿ ಆಯ್ತಲ್ಲ, ಯಾವುದನ್ನ ಬದಲಾಯಿಸಿಲ್ಲ ಅಂತ ಹೇಳು.’

ಕಡೆಯ ಪ್ರಶ್ನೆಗೆ ಯಜಮಾನನಲ್ಲಿ ಉತ್ತರವಿರಲಿಲ್ಲ. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮೇಸ್ತ್ರಿಯವರ ಲೆಕ್ಕ ಸರಳ. ನಿಂತಾಗ, ಜನಸಂದಣಿಯಲ್ಲಿ ತೆವಳುವಾಗ ಮಾತ್ರ ಬಿಸಿಯೇರಿದರೆ ಗಾಳಿ ಸಾಲದು. ಫ್ಯಾನು, ಬೆಲ್ಟು ನೋಡಬೇಕು. ಹೊರಟ ಹತ್ತು ನಿಮಿಷಕ್ಕೇ ಏರಿದರೆ ಬಾಗಿಲು ಕಾಯುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿರಬಹುದು, ಇಲ್ಲವೆ ರಿಪೇರಿಯಲ್ಲಿ ನೀರು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಎಲ್ಲೂ ಸೋರದೆಯೂ ನೀರು ದಿನದಿನ ಕಡಿಮೆಯಾದರೆ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ. ಎಂಜಿನ್ನು ಜೋರಾಗಿ ತಿರುಗುವಾಗ, ಭಾರ ಎಳೆಯುವಾಗ ಮಾತ್ರ ಏರಿದರೆ ನೀರಿನ ಹರಿವು ಎಲ್ಲೋ ಸಾಲುತ್ತಿಲ್ಲ.

ಹಾಗೆಂದು ಉಳಿದದ್ದನ್ನು ಅವರು ನೋಡದೆ ಬಿಡಲಿಲ್ಲ. ಗಾಲಿಗಳ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು, ಬ್ರೇಕು ಹಿಡಿದುಕೊಂಡು ಎಂಜಿನ್ನಿಗೆ ಭಾರವಾಗುತ್ತಿದೆಯೇ ಎಂದು ನೋಡಿದರು. ಆಯಿಲ್ ಕಡ್ಡಿ ಎಳೆದು, ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿಲ್ಲವೆಂದು ಖಚಿತಮಾಡಿಕೊಂಡರು. ಕಿಡಿ ಹಾರುವ ಹೊತ್ತು ಹಿಂದೆ ಬಿದ್ದರೂ ಎಂಜಿನ್ನು ಕಾಯುತ್ತದೆ. ಟೈಮಿಂಗ್ ನೋಡಿದರು, ಸರಿಯಿತ್ತು. ಎಂಜಿನ್ನು ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು, ಮತ್ತೆ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡಿದರು. ಬರಲಿಲ್ಲ. ಮುಚ್ಚಳವನ್ನು ತಿರುಗಿಸಿ ನೋಡಿದಾಗ ಒಳಗಿನ ರಬ್ಬರು ಒಣಗಿದ ಹುಣಸೆ ಸಿಪ್ಪೆಯಂತಾಗಿತ್ತು.

ಆಮೇಲೆ ಮುಚ್ಚಳ ಹಾಕಿ, ಎಂಜಿನ್ನು ಚೆನ್ನಾಗಿ ಕಾದ ನಂತರ, ಯಜಮಾನನಿಗೆ ಆಕ್ಸಿಲರೇಟರು ಒತ್ತಿ ಹಿಡಿಯಲು ಹೇಳಿದರು. ಎಂಜಿನ್ನು ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಕೂಗುವಂತೆ ಕೂಗತೊಡಗಿತು. ಮೇಸ್ತ್ರಿಯವರ ಕಣ್ಣು ಕೆಳಗಿನ ಹೋಸ್ ಪೈಪಿನ ಮೇಲೆ. ಅದುವರೆಗೆ ದುಂಡಗಿದ್ದ ಪೈಪು ನೋಡುತ್ತಿದ್ದಂತೆ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಯಿತು. ‘ಬಿಡು’ ಎಂದರು. ಮತ್ತೆ ದುಂಡಗಾಯಿತು.

ಮಕ್ಕಳು ಎಳನೀರು ಕುಡಿಯುವಾಗ ಕಾಗದದ ಕೊಳವೆ ನೆನೆದು ಮೆತ್ತಗಾದರೆ, ಜೋರಾಗಿ ಹೀರಿದಷ್ಟೂ ಅದು ಅಂಟಿಕೊಂಡು ನೀರೇ ಬರುವುದಿಲ್ಲ. ಇದೂ ಅದೇ ತತ್ವ. ಪಂಪು ಕೆಳಗಿನ ಪೈಪಿನಿಂದ ನೀರನ್ನು ಹೀರುತ್ತದೆ. ಪೈಪು ಗಟ್ಟಿಯಾಗಿದ್ದರೆ, ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿದ್ದರೆ, ಹೊರಗಿನ ಗಾಳಿ ಪೈಪನ್ನು ಅದುಮಲಾರದು. ಇಲ್ಲಿ ಎರಡೂ ಕೈಕೊಟ್ಟಿದ್ದವು. ಇಂಥ ಎಷ್ಟೋ ಪೈಪುಗಳೊಳಗೆ ಕುಸಿಯದಂತೆ ತಂತಿಯ ಸುರುಳಿ ಇರುತ್ತದೆ. ಇದರೊಳಗಿನದು ತುಕ್ಕು ಹಿಡಿದು ಚೂರಾಗಿತ್ತು. ನಾಲ್ಕು ಗ್ಯಾರೇಜಿನಲ್ಲೂ ಈ ಪೈಪನ್ನು ಬಿಚ್ಚಿದ್ದರು, ಒರೆಸಿ ಅದನ್ನೇ ಮತ್ತೆ ಹಾಕಿದ್ದರು. ಹೊಸ ಪಂಪು ಹಳೆಯದಕ್ಕಿಂತ ಜೋರಾಗಿ ಹೀರಿದ್ದರಿಂದ ಪೈಪು ಇನ್ನೂ ಬೇಗ ಕುಸಿಯುತ್ತಿದ್ದಿರಬೇಕು.

ಹೊಸ ಪೈಪು, ಹೊಸ ಮುಚ್ಚಳ, ಮತ್ತೆ ಒಂದು ಥರ್ಮೋಸ್ಟಾಟ್. ಮೂರರ ಬೆಲೆಯೂ ಸೇರಿ ಹೆಡ್ ಕೆಲಸದ ಮುಂದೆ ಲೆಕ್ಕಕ್ಕಿರಲಿಲ್ಲ. ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಪಕ್ಕದಲ್ಲಿ ಕೂತು ಗಾಡಿಯನ್ನು ಘಟ್ಟದ ಕೆಳಗಿನವರೆಗೆ ಇಳಿಸಿ, ಮತ್ತೆ ಹತ್ತಿಸಿದರು. ಮುಳ್ಳು ನಡುವೆಯೇ ನಿಂತಿತು. ‘ಇನ್ನು ದುಡ್ಡು ಕೊಡು’ ಎಂದರು. ಅಡವಿನ ಬಳೆ ಬಿಡಿಸಿಕೊಳ್ಳಲು ಯಜಮಾನನಿಗೆ ಎರಡು ವರ್ಷ ಬೇಕಾಯಿತು. ಫೇಸಿಂಗಿನಲ್ಲಿ ಸವೆದ ಹೆಡ್ಡಿನ ಲೋಹ ಮಾತ್ರ ಮರಳಿ ಬರುವಂಥದ್ದಲ್ಲ.

ಈಗಿನ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನದು, ನೀರಿನ ಬದಲು ಬಣ್ಣದ ಕೂಲೆಂಟು, ತಪ್ಪು ಹೇಳಲು ಕಂಪ್ಯೂಟರು. ಕಂಪ್ಯೂಟರು ಬಿಸಿಯಾಗಿದೆ ಎಂದು ಖಚಿತವಾಗಿ ಹೇಳಬಲ್ಲದು. ಏಕೆ ಎಂಬುದಕ್ಕೆ ಅದು ಎಷ್ಟೋ ಸಲ ಮೂಕ. ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಉಷ್ಣತೆ ಅಳೆಯುವ ಗುಂಡಿ ನೀರಿನಲ್ಲಿ ಮುಳುಗಿರುವ ತನಕ ಮಾತ್ರ ಅದು ಸತ್ಯವಂತ. ನೀರೆಲ್ಲ ಸೋರಿಹೋದರೆ ಗುಂಡಿ ಬರಿಯ ಹಬೆಯಲ್ಲಿ ನಿಂತು, ಎಂಜಿನ್ನು ಬೇಯುತ್ತಿರುವಾಗಲೇ ಮುಳ್ಳು ತಣ್ಣಗೆ ಕೆಳಗಿಳಿದುಬಿಡಬಹುದು.

ಆದ್ದರಿಂದ ಕುದಿಯುವ ಗಾಡಿಯ ಯಜಮಾನರು ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿ ಬರೆದುಕೊಳ್ಳುವುದು ಒಳ್ಳೆಯದು. ಎಲ್ಲಿ ಬಿಸಿಯಾಯಿತು, ಏರಿನಲ್ಲೋ ಸಮತಟ್ಟಿನಲ್ಲೋ. ಹೊರಟು ಎಷ್ಟು ಹೊತ್ತಾಗಿತ್ತು. ನೀರು ಎಷ್ಟು ಹಿಡಿಯಿತು. ಹಿಂದೆ ಏನೇನು ಬದಲಾಯಿತು, ಏನೇನು ಹಾಗೆಯೇ ಉಳಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೊದಲು ಕುದ್ದ ಜಾಗದಲ್ಲೇ ಓಡಿಸಿ ನೋಡುವಂತೆ ಮೇಸ್ತ್ರಿಗೆ ಹೇಳಬೇಕು. ಬಿಸಿ ಎಂಜಿನ್ನಿನ ಮುಚ್ಚಳವನ್ನಂತೂ ಯಾವ ಅವಸರಕ್ಕೂ ತೆಗೆಯಬಾರದು. ಒತ್ತಡ ಬಿಟ್ಟೊಡನೆ ನೂರು ಮೀರಿದ ನೀರು ಅಲ್ಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಅರ್ಧ ಮುಕ್ಕಾಲು ಗಂಟೆ ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಆ ಹೊತ್ತಿನಲ್ಲಿ ಚೀಟಿ ಬರೆದು ಮುಗಿಸಬಹುದು.