ಸುಡುಬಿಸಿಲಿನ ವರ್ಷದ ಕೆಂಪು ವೈನ್

ನನ್ನನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಈ ಶೀರ್ಷಿಕೆಯನ್ನು ಕಂಡು ಹುಬ್ಬೇರಿಸಬಹುದು. ಮದ್ಯವನ್ನು ನಾನು ಹಿಂದೆಯೂ ಕುಡಿದವಳಲ್ಲ, ಈಗಲೂ ಕುಡಿಯುವವಳಲ್ಲ. ಆದರೆ ಮೂರು ದಶಕ ರಸಾಯನಶಾಸ್ತ್ರವನ್ನು ಬೋಧಿಸಿದವಳಿಗೆ, ಮುಚ್ಚಿದ ಶೀಸೆಯೊಳಗೆ ಇಪ್ಪತ್ತು ವರ್ಷ ನಿಧಾನವಾಗಿ ನಡೆಯುವ ಕ್ರಿಯೆಯೊಂದರ ಬಗ್ಗೆ ಕುತೂಹಲ ಹುಟ್ಟಿದರೆ ಆಶ್ಚರ್ಯವೇನಿದೆ?

ನನ್ನ ಅಣ್ಣನ ಮಗ ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ ನೆಲೆಸಿ ಕಾಲು ಶತಮಾನವಾಯಿತು. ಅವನ ಮಗಳು ಹುಟ್ಟಿದ್ದು 2003ರ ಆಗಸ್ಟ್ ತಿಂಗಳಿನಲ್ಲಿ. ಮಗು ಹುಟ್ಟಿದ ವರ್ಷದ ವೈನನ್ನು ಕೊಂಡು, ಅದು ದೊಡ್ಡದಾದ ಮೇಲೆ ತೆರೆಯಲೆಂದು ನೆಲಮಾಳಿಗೆಯಲ್ಲಿ ಇಡುವ ರೂಢಿ ಅಲ್ಲಿ ಉಂಟು. ಇವನೂ ಆರು ಶೀಸೆಗಳನ್ನು ಇಟ್ಟ. ಆದರೆ ಅದು ಎಂತಹ ವರ್ಷ! ಆ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸ್ ಒಂದರಲ್ಲಿಯೇ ಸುಮಾರು 15,000 ಜನ ಮಡಿದರು. ಹೆಚ್ಚಿನವರು ವೃದ್ಧರು, ಅನೇಕರು ಒಂಟಿಯಾಗಿದ್ದವರು. ಬಂಧುಗಳೆಲ್ಲ ಬೇಸಿಗೆ ರಜೆಗೆ ಹೋಗಿದ್ದ ಕಾಲ. ಪ್ಯಾರಿಸ್ಸಿನಲ್ಲಿ ಯಾರೂ ಕೇಳಿಕೊಂಡು ಬಾರದ 57 ಶವಗಳನ್ನು ಸೆಪ್ಟೆಂಬರ್ 3ರಂದು ತಿಯೇ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ರಾಷ್ಟ್ರಾಧ್ಯಕ್ಷ ಶಿರಾಕ್ ಅವರೇ ಹಾಜರಿದ್ದರು. ನನ್ನ ಸೋದರಳಿಯನಿದ್ದ ಕಟ್ಟಡದ ಕೆಳಗಿನ ಮನೆಯ ಅಜ್ಜಿಯೊಬ್ಬರೂ ಅದೇ ವಾರ ತೀರಿಕೊಂಡರಂತೆ. ಒಂಟಿಯಾಗಿ ಬಾಳುತ್ತಿರುವ ನನಗೆ ಈ ಮಾತು ವೈನಿನ ಮಾತಿಗಿಂತ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಂತಿತು.

ಇನ್ನು ದ್ರಾಕ್ಷಿಯ ವಿಚಾರ. ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ನಾವು ತರಗತಿಯಲ್ಲಿ ತಯಾರಿಸುತ್ತಿದ್ದ ಸೂಚಕ ನಿಮಗೆ ನೆನಪಿದೆಯಷ್ಟೆ? ನಿಂಬೆರಸಕ್ಕೆ ಕೆಂಪು, ಸಾಬೂನಿನ ನೀರಿಗೆ ಹಸಿರು. ಅದೇ ಆಂಥೋಸಯನಿನ್ ಕುಲದ ವರ್ಣದ್ರವ್ಯಗಳು ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇವೆ. ಆಮ್ಲವಿದ್ದಷ್ಟೂ ಅವುಗಳ ಕೆಂಪು ಉಜ್ವಲ. ಬಿಸಿಲು ಹೆಚ್ಚಾದಾಗ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಮ್ಯಾಲಿಕ್ ಆಮ್ಲವು ಹಣ್ಣಿನ ಉಸಿರಾಟದಲ್ಲಿಯೇ ಕರಗಿಹೋಗುತ್ತದೆ. ನೀರು ಸಾಲದೆ ಬಳ್ಳಿಯು ಪತ್ರರಂಧ್ರಗಳನ್ನು ಮುಚ್ಚಿಕೊಂಡರೆ ಸಿಪ್ಪೆ, ಬೀಜಗಳ ಒಗರು ಸರಿಯಾಗಿ ಮಾಗುವುದೇ ಇಲ್ಲ. ಸಿಹಿ ಹಣ್ಣು, ಹಸಿ ಒಗರು: ಇದು 2003ರ ಅನೇಕ ತೋಟಗಳ ಕಥೆ.

ಶೀಸೆಗೆ ತುಂಬಿದ ಮೇಲೆ ಬಣ್ಣ ಮತ್ತು ಒಗರಿನ ಅಣುಗಳು ಒಂದಕ್ಕೊಂದು ಬೆಸೆದು ದೊಡ್ಡವಾಗುತ್ತವೆ. ಕೆಲವು ಭಾರವಾಗಿ ಗಸಿಯಾಗಿ ತಳ ಸೇರುತ್ತವೆ. ನೇರಳೆಯ ಛಾಯೆ ಹೋಗಿ ಇಟ್ಟಿಗೆಯ ಬಣ್ಣ ಬರುತ್ತದೆ, ಬಾಯಿ ಹಿಡಿಯುವ ಒಗರು ಮೃದುವಾಗುತ್ತದೆ. ಈ ದೀರ್ಘ ಪ್ರಯಾಣದಲ್ಲಿ ಕಾವಲು ಕಾಯುವುದು ಆಮ್ಲ. ಆಮ್ಲ ಕಡಿಮೆಯಾದರೆ ಸಂರಕ್ಷಣೆಗೆಂದು ಸೇರಿಸಿದ ಗಂಧಕದ ಡೈಆಕ್ಸೈಡಿನ ಬಲವೂ ಕುಗ್ಗುತ್ತದೆ, ಉತ್ಕರ್ಷಣ ಚುರುಕಾಗುತ್ತದೆ. ಆದ್ದರಿಂದ ಬಿಸಿಲಿನ ವರ್ಷದ ವೈನು ಎಳೆಯದರಲ್ಲಿ ಜಾಮಿನಂತೆ ತುಂಬಿಕೊಂಡಿದ್ದು, ಬೇಗನೆ ಒಣಹಣ್ಣಿನ ವಾಸನೆಗೆ ತಿರುಗುತ್ತದೆ. ಒಗರು ಇಳಿಯುವ ಮುನ್ನವೇ ಹಣ್ಣಿನ ಸೊಗಸು ಬತ್ತುತ್ತದೆ.

ಎಲ್ಲ ಕಡೆಯೂ ಹೀಗಾಯಿತೆನ್ನುವಂತಿಲ್ಲ. ಸಾಂತ್ ಎಸ್ತೆಫ್ ಪ್ರದೇಶದ ಜೇಡಿಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬಳ್ಳಿಗಳನ್ನು ಕಾಪಾಡಿತು. ರಸಜ್ಞರಲ್ಲಿಯೂ ಒಮ್ಮತವಿರಲಿಲ್ಲ. ಶಾತೋ ಪಾವಿಯ 2003ರ ವೈನನ್ನು ಅಮೆರಿಕದ ರಾಬರ್ಟ್ ಪಾರ್ಕರ್ ಕೊಂಡಾಡಿದರೆ, ಇಂಗ್ಲೆಂಡಿನ ಜಾನ್ಸಿಸ್ ರಾಬಿನ್ಸನ್ 20ಕ್ಕೆ 12 ಅಂಕ ಕೊಟ್ಟರು. 2004ರಲ್ಲಿ ದೊಡ್ಡ ಜಗಳವೇ ಆಯಿತು. ಒಂದೇ ಉತ್ತರಪತ್ರಿಕೆಗೆ ಇಬ್ಬರು ಮೌಲ್ಯಮಾಪಕರು ಕೊಡುವ ಅಂಕಗಳನ್ನು ಕಂಡ ನನಗೆ ಇದೇನೂ ಹೊಸದಲ್ಲ! 1947 ಕೂಡ ಬಿಸಿಲಿನ ವರ್ಷ. ಆ ವರ್ಷದ ಶವಾಲ್ ಬ್ಲಾಂಕ್ ವೈನಿನಲ್ಲಿ ಸಕ್ಕರೆ ಉಳಿದಿತ್ತು, ವಿನೆಗರಿನ ಹುಳಿಯೂ ಮಿತಿಮೀರಿತ್ತು. ಪುಸ್ತಕದ ಪ್ರಕಾರ ಅದು ಕೆಡಬೇಕಿತ್ತು. ಕೆಡದೆ ದಶಕಗಳ ಕಾಲ ಬಾಳಿ ದಂತಕಥೆಯಾಯಿತು.

2024ರಲ್ಲಿ ಮೊಮ್ಮಗಳ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ನಾನು ಅಲ್ಲಿದ್ದೆ. ಹತ್ತು ತುಂಬಿದಾಗ ಒಂದು, ಹದಿನೆಂಟಕ್ಕೆ ಒಂದು ಶೀಸೆ ತೆರೆದಿದ್ದರು, ಇದು ಮೂರನೆಯದು. ಲೋಟವನ್ನು ಓರೆಯಾಗಿ ಹಿಡಿಸಿ ಹಿಂದೆ ಬಿಳಿಯ ಕಾಗದ ಇಟ್ಟು ನೋಡಿದೆ. ನಡುವೆ ಮಾತ್ರ ಕೆಂಪು, ಅಂಚಿನಲ್ಲಿ ಅಗಲವಾದ ಕಂದು ಪಟ್ಟಿ. ಮೂಸಿದರೆ ಒಣದ್ರಾಕ್ಷಿ, ಒದ್ದೆ ಎಲೆ. ಹುಡುಗಿ ಒಂದು ಗುಟುಕು ಕುಡಿದು, ಮೊದಲು ಸಿಹಿ, ಆಮೇಲೆ ನಾಲಿಗೆ ಒಣಗುತ್ತದೆ ಎಂದಳು.

ಉಳಿದ ಮೂರನ್ನು ಅವಳ ಮದುವೆಗೆ ಇಡುವುದು ತಂದೆಯ ಆಸೆ. ಇನ್ನೆರಡು ವರ್ಷದೊಳಗೆ ಮುಗಿಸು, ಇದರಲ್ಲಿ ಕಾಯುವ ಶಕ್ತಿ ಉಳಿದಿಲ್ಲ ಎಂದೆ.

"ಅತ್ತೆ, ಕುಡಿಯದವರ ಮಾತು ಕೇಳಿ ಕುಡಿಯಬೇಕೇ?" ಎಂದು ನಕ್ಕ.

ಬೂರ್ಗೋನ್ ಪ್ರಾಂತದ ಬೋನ್ ಪಟ್ಟಣದಲ್ಲಿ 1354ರಿಂದ 2018ರವರೆಗಿನ ದ್ರಾಕ್ಷಿ ಕೊಯ್ಲಿನ ದಿನಾಂಕಗಳನ್ನು ವಿದ್ವಾಂಸರು ಕಲೆಹಾಕಿದ್ದಾರೆ. 1988ರ ನಂತರದ ಕೊಯ್ಲು ಹಿಂದಿನ ಶತಮಾನಗಳಿಗಿಂತ ಸರಾಸರಿ 13 ದಿನ ಮುಂಚಿತ. ಬೋರ್ಡೋ ಸೀಮೆಯಲ್ಲಿ 2021ರಲ್ಲಿ ಪೋರ್ಚುಗಲ್ಲಿನ ಟೂರಿಗಾ ನಾಸಿಯೊನಾಲ್ ಮೊದಲಾದ ಹೊಸ ತಳಿಗಳಿಗೂ ಅನುಮತಿ ಸಿಕ್ಕಿತು. ಮುಂದೆ ಹುಟ್ಟುವ ಮಕ್ಕಳಿಗೆ ತಂಪಾದ ವರ್ಷದ ಶೀಸೆಯನ್ನು ಹುಡುಕುವುದೇ ಕಷ್ಟವಾದೀತು.

ಕಳೆದ ಬಾರಿ ದೂರವಾಣಿಯಲ್ಲಿ ಮಾತನಾಡಿದಾಗ ವಿಚಾರಿಸಿದೆ. ಎರಡನ್ನು ಮಗಳೇ ಗೆಳತಿಯರೊಡನೆ ತೆರೆದಳಂತೆ. ಒಂದನ್ನು ಮಾತ್ರ ಅವನು ಬೀಗ ಹಾಕಿ ಇಟ್ಟಿದ್ದಾನೆ.