ಋತುವನ್ನು ಬಲ್ಲವರು ದೇಹವನ್ನೂ ಅರಿಯಲಿ

ಹಳ್ಳಿಯ ಹಿರಿಯರ ಅನುಭವವು ಒಂದು ಜೀವಂತ ಪಂಚಾಂಗ. ಮಾಲೂರು ಸೀಮೆಯ ಗ್ರಾಮಗಳಿಗೆ ನಾವು ಹೋದಾಗ ಎಪ್ಪತ್ತು ದಾಟಿದ ರೈತರೊಡನೆ ಮಳೆಯ ಮಾತು ಬಾರದೆ ಇರುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಹೆಸರಿಟ್ಟು ಕರೆಯುವ ಇವರು, ಕಾಲದ ಲಯ ತಪ್ಪಿರುವುದನ್ನು ಸ್ಪಷ್ಟವಾಗಿ ಬಲ್ಲರು. 2021ರ ನವೆಂಬರಿನ ಅಕಾಲ ಮಳೆಗೆ ಕೊಯ್ಲಿನ ರಾಗಿ ಹಾಳಾದದ್ದು ಅವರ ನೆನಪಿನಲ್ಲಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರ ವರ್ಷವೂ ನೆನಪಿನಲ್ಲಿದೆ.

ಆದರೆ ಈ ಬಿಸಿಲು ತಮ್ಮ ಶರೀರಕ್ಕೆ ಏನು ಮಾಡುತ್ತಿದೆಯೆಂದು ಕೇಳಿದರೆ ಉತ್ತರ ಬೇರೆಯೇ. ತಲೆಸುತ್ತು, ನಿಶ್ಶಕ್ತಿ, ಉರಿಮೂತ್ರ ಎಲ್ಲಕ್ಕೂ ಒಂದೇ ಸಮಾಧಾನ: “ವಯಸ್ಸಾಯ್ತಲ್ಲ ಬುದ್ಧಿ, ಇನ್ನೇನು!” ಬೆಳೆಗೆ ತಗುಲಿದ ಪೆಟ್ಟನ್ನು ಕಾಲದ ಮೇಲೆ ಹೊರಿಸುವವರು ದೇಹಕ್ಕೆ ತಗುಲಿದ ಪೆಟ್ಟನ್ನು ಮುಪ್ಪಿನ ಮೇಲೆ ಹೊರಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ.

ವಯಸ್ಸಾದಂತೆ ಬೆವರುವ ಶಕ್ತಿ ತಗ್ಗುತ್ತದೆ. ದೇಹದಲ್ಲಿ ನೀರು ಕಡಿಮೆಯಾದರೂ ಬಾಯಾರಿಕೆ ತಿಳಿಯದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ತಂಪೆಂದು ಹೆಸರಾದ ನೆರೆಯ ಬೆಂಗಳೂರಿನಲ್ಲಿಯೇ 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ತಾಪ ದಾಖಲಾಯಿತು. ಹೆಂಚಿಗೆ ಪ್ರಸಿದ್ಧವಾದ ಮಾಲೂರಿನಲ್ಲಿಯೂ ಇಂದು ಎಷ್ಟೋ ಮನೆಗಳ ಮೇಲೆ ಶೀಟುಗಳಿವೆ. ಮಧ್ಯಾಹ್ನ ಅವುಗಳ ಕೆಳಗೆ ಮಲಗಿದ ವೃದ್ಧರಿಗೆ ನೆರಳುಂಟು, ತಂಪಿಲ್ಲ.

ಬರಕ್ಕೂ ಜ್ವರಕ್ಕೂ ಇರುವ ನಂಟನ್ನು ಇನ್ನೂ ಕೆಲವರೇ ಅರಿತಿದ್ದಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿನಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುವುದು ಅನಿವಾರ್ಯ. ಡೆಂಗೆಯ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಮುಚ್ಚದೆ ಬಿಟ್ಟ ಈ ತಿಳಿನೀರಿನಲ್ಲಿಯೇ, ಕಚ್ಚುವುದು ಹಗಲಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ಇನ್ನೊಂದು ಮಾತನ್ನು ಭಕ್ತರಲ್ಲಿ ವಿಶೇಷವಾಗಿ ಅರಿಕೆ ಮಾಡಬೇಕಾಗಿದೆ. ಇಷ್ಟಲಿಂಗಪೂಜೆಗೆ ಮುನ್ನ ನೀರನ್ನೂ ಮುಟ್ಟದ ನಿಷ್ಠೆ ಅನೇಕ ಹಿರಿಯರಲ್ಲಿದೆ. ನಿಷ್ಠೆ ಪೂಜ್ಯವಾದುದು. ಆದರೆ ಬೆಳಗಿನಿಂದ ಹೊಲದಲ್ಲಿ ದುಡಿದು, ಬಿಸಿಲೇರಿದ ಮೇಲೆ ಪೂಜೆಗೆ ಕೂರುವುದು ಬೇಸಿಗೆಯಲ್ಲಿ ಪ್ರಾಣಕ್ಕೆ ಎರವಾದೀತು. ಬೆಳಕು ಹರಿಯುವ ಮೊದಲೇ ಪೂಜೆ ಮುಗಿಸಿ, ನೀರು ಕುಡಿದು ಹೊಲಕ್ಕೆ ಹೋಗಿರಿ. ನಿಯಮ ಉಳಿಯುತ್ತದೆ, ದೇಹವೂ ಉಳಿಯುತ್ತದೆ. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಸೇವಿಸಬೇಕು. ಹೃದಯ, ಮೂತ್ರಪಿಂಡಗಳ ಕಾಯಿಲೆಯಿದ್ದವರು ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬಿಸಿಲಿನಲ್ಲಿ ಮೈ ಸುಡುತ್ತ ಮಾತು ತೊದಲಿದರೆ ಅದು ಮುಪ್ಪಲ್ಲ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮಠದಲ್ಲಿ ಓದಿ ನಗರಗಳಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ದೂರವಾಣಿ ಮಾಡಿದಾಗ ಮಳೆ ಬಂತೇ ಎಂದು ವಿಚಾರಿಸುತ್ತಾರೆ. ಜೊತೆಗೆ, “ಅಪ್ಪಾ, ಇವತ್ತು ಎಷ್ಟು ಸಲ ನೀರು ಕುಡಿದೆ?” ಎಂದೂ ಕೇಳಲಿ. ಕೇಳುವವರಿದ್ದಾರೆಂದು ತಿಳಿದರೆ ಹಿರಿಯರು ತಮ್ಮ ದೇಹದ ಮಾತನ್ನೂ ಹೇಳಿಯಾರು.