ಹೆಬ್ಬೆರಳು ಕಲಿಸಿದ ಪಾಠ

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ಸದಾ ನಿಂತೇ ಪಾಠ ಮಾಡುತ್ತಿದ್ದ ನೀವು ಕೊನೆಯ ವರ್ಷಗಳಲ್ಲಿ ಕೆಲವು ದಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಏಕೆ?" ಎಂದು ಕೇಳಿದ. ಅಂದು ಯಾರಿಗೂ ಹೇಳದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

2003ರ ಒಂದು ರಾತ್ರಿ ಬಲಗಾಲಿನ ಹೆಬ್ಬೆರಳು ಬೆಂಕಿ ಬಿದ್ದಂತೆ ಉರಿದು ನನ್ನನ್ನು ಎಬ್ಬಿಸಿತು. ಬುಡವೆಲ್ಲ ಕೆಂಪಾಗಿ ಬಾತಿತ್ತು. ಹೊದಿಕೆಯ ಅಂಚು ಸೋಕಿದರೂ ಪ್ರಾಣ ಹೋದಂತಾಗುತ್ತಿತ್ತು. ವೈದ್ಯರು ಪರೀಕ್ಷಿಸಿ 'ಗೌಟ್' ಎಂದರು. ನಮ್ಮ ಚರಕಸಂಹಿತೆ ಹೇಳುವ ವಾತರಕ್ತವನ್ನು ಇದರೊಂದಿಗೆ ಹೋಲಿಸುತ್ತಾರೆ. ಅದಕ್ಕೆ 'ಆಢ್ಯವಾತ', ಎಂದರೆ ಸಿರಿವಂತರ ವಾತ, ಎಂಬ ಹೆಸರೂ ಉಂಟು. ಕುಡಿತ, ಮಾಂಸದೂಟಗಳ ಕಾಯಿಲೆಯೆಂದು ಜನ ಆಡಿಕೊಳ್ಳುವರೆಂಬ ನಾಚಿಕೆಯಿಂದ, ಎರಡನ್ನೂ ಮುಟ್ಟದ ನಾನು "ಕಾಲು ಉಳುಕಿದೆ" ಎಂದು ಸುಳ್ಳು ಹೇಳಿದೆ.

ನಿಮಗೆ ಮೈಲುತುತ್ತದ ಪ್ರಯೋಗ ನೆನಪಿರಬಹುದು. ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ ಆರಲು ಬಿಟ್ಟರೆ ನೀಲಿ ಹರಳುಗಳು ಮೂಡುತ್ತಿದ್ದವು. ನನ್ನ ಕಾಲಿನಲ್ಲಿ ನಡೆದದ್ದೂ ಬಹುಮಟ್ಟಿಗೆ ಅದೇ. ರಕ್ತದ ಒಂದು ಡೆಸಿಲೀಟರಿನಲ್ಲಿ ಯೂರಿಕ್ ಆಮ್ಲ ಸುಮಾರು 6.8 ಮಿಲಿಗ್ರಾಂ ಮೀರಿದರೆ ಸೂಜಿಯಂತಹ ಹರಳುಗಳು ಕಟ್ಟತೊಡಗಬಹುದು. ದೇಹದ ತಂಪು ತುದಿಯಾದ ಕಾಲ್ಬೆರಳು ಅವಕ್ಕೆ ಅನುಕೂಲ. ಬಹುಪಾಲು ಜನರಲ್ಲಿ ಮುಖ್ಯ ಕಾರಣ ಊಟವಲ್ಲ. ಮೂತ್ರಪಿಂಡಗಳು ಆ ಆಮ್ಲವನ್ನು ಸಾಕಷ್ಟು ಹೊರಹಾಕದಿರುವುದು. ಅದರಲ್ಲಿ ವಂಶದ ಪಾಲೂ ಇದೆ. ಇಪ್ಪತ್ತೈದು ವರ್ಷ ಹರಳು ಬೆಳೆಸುವುದನ್ನು ಕಲಿಸಿದವನಿಗೆ ಇದು ತಡವಾಗಿ ಅರ್ಥವಾಯಿತು.

ಅದಕ್ಕಿಂತ ದೊಡ್ಡ ತಪ್ಪು ಬೇರೆ. ವೈದ್ಯರು ದಿನವೂ ಅಲೋಪ್ಯೂರಿನಾಲ್ ಸೇವಿಸಲು ಹೇಳಿದ್ದರು. ನೋವು ಹೋಯಿತು, ನಾನು ಮಾತ್ರೆ ಬಿಟ್ಟೆ. ನೋವು ಅಡಗಿದರೂ ಹರಳು ಉಳಿಯುತ್ತದೆ ಎಂಬುದನ್ನು ಮರೆತೆ. ಮತ್ತೆ ಕಾಲು ಬಾತಾಗಲೆಲ್ಲ ಯಾರನ್ನೂ ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದೆ. 2016ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತಪರೀಕ್ಷೆಯಾದಾಗ ಕ್ರಿಯಾಟಿನಿನ್ ಏರಿತ್ತು, ರಕ್ತದೊತ್ತಡವೂ ಹೆಚ್ಚಿತ್ತು. "ಈ ನೋವಿನ ಮಾತ್ರೆ ಎಷ್ಟು ವರ್ಷದಿಂದ?" ಎಂದು ವೈದ್ಯರು ಕೇಳಿದರು. ಬೆರಳು ಮಡಿಸಿ ಎಣಿಸುವಾಗ ಪಕ್ಕದಲ್ಲಿದ್ದ ನನ್ನಾಕೆಯ ಮುಖ ನೋಡಲಾಗಲಿಲ್ಲ. ಮೂತ್ರಪಿಂಡ ಕಳೆದುಕೊಂಡ ಶಕ್ತಿ ಮರಳಿ ಬರಲಿಲ್ಲ.

ಈಗ ಮೂತ್ರಪಿಂಡಕ್ಕೆ ಹೊಂದುವ ಪ್ರಮಾಣದಲ್ಲಿ ಔಷಧಿ ತಪ್ಪದೆ ನಡೆದಿದೆ. ಯೂರಿಕ್ ಆಮ್ಲವನ್ನು 6ಕ್ಕಿಂತ ಕೆಳಗೆ ಇಟ್ಟರೆ ಹಳೆಯ ಹರಳುಗಳೂ ನಿಧಾನವಾಗಿ ಕರಗುತ್ತವೆ. ಆರಂಭದ ತಿಂಗಳುಗಳಲ್ಲಿ ನೋವು ಮರುಕಳಿಸಬಹುದು. ಅದಕ್ಕೆ ಹೆದರಿ ಬಿಡಬಾರದು. ಆದರೆ ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಬೆರಳು ಒತ್ತದ ಅಗಲ ಮುಂಭಾಗದ ಪಾದರಕ್ಷೆ ಧರಿಸುತ್ತೇನೆ. ರಾತ್ರಿ ಮಲಗುವ ಮುನ್ನ ಪಾದಗಳನ್ನು ನೋಡಿಕೊಳ್ಳುತ್ತೇನೆ. ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್ ಪರೀಕ್ಷೆಗಳನ್ನು ತಪ್ಪಿಸುವುದಿಲ್ಲ. ಕಾಲಿನ ನೋವು ಕಾಲಿನದಷ್ಟೇ ಅಲ್ಲವೆಂದು ಈಗ ಬಲ್ಲೆ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಹೋದ ವಾರ ಅಣ್ಣನ ಮಗ ದೂರವಾಣಿಯಲ್ಲಿ "ಕಾಲು ಉಳುಕಿದೆ, ಚಿಕ್ಕಪ್ಪ" ಎಂದ. "ಯಾವ ಬೆರಳು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಅವನು ಮಾತನಾಡಲಿಲ್ಲ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಮಗೂ, ನಾಚಿಕೆ ಬೇಡ. ನಾಳೆಯೇ ವೈದ್ಯರಲ್ಲಿಗೆ ಹೋಗು.